ಸತ್ತೆ, ಇನ್ನೂ ಎರಡು ಜೀವ ಇದೆ

ಸಿನಿಮಾ ನೋಡಿ ಬಂದವರು "ಕೊನೆಗೆ ಹೀರೋ ಸತ್ತ" ಅನ್ನುತ್ತಾರೆ. ಕಾದಂಬರಿ ಓದಿದವರೂ ಹಾಗೇ. ವಿಡಿಯೋ ಗೇಮ್ ಆಡುತ್ತಿರುವ ಹುಡುಗನ ಪಕ್ಕ ಕೂತು ಕೇಳಿ ನೋಡಿ. ಪರದೆಯ ಮೇಲೆ ಓಡುತ್ತಿದ್ದ ಬೆರಳುದ್ದದ ಬೊಂಬೆ ಗುಂಡು ತಗಲಿ ಬಿದ್ದ ಕೂಡಲೇ ಅವನ ಬಾಯಿಂದ ಬರುವ ಮಾತು "ಥೋ, ಸತ್ತೆ!" ನಮ್ಮ ಕನ್ನಡದಲ್ಲಿ 'ನಾನು' ಅಂತ ಬೇರೆ ಸೇರಿಸಬೇಕಾಗಿಲ್ಲ. ಸತ್ತವರು ಯಾರು ಅಂತ ಕೊನೆಯ ಆ ಎತ್ವವೇ ಹೇಳಿಬಿಡುತ್ತದೆ. ಕೆಲವು ಆಟಗಳು ಇಪ್ಪತ್ತು ಮೂವತ್ತು ವರ್ಷ ಕಳೆದರೂ ಮನಸ್ಸು ಬಿಟ್ಟು ಹೋಗುವುದಿಲ್ಲವಲ್ಲ, ಯಾಕೆ ಅಂತ ಯೋಚಿಸಿದಾಗಲೆಲ್ಲ ನಾನು ಬಂದು ನಿಲ್ಲುವುದು ಈ ಎತ್ವದ ಹತ್ತಿರವೇ.

ನಮ್ಮದು ಅಜ್ಜಂಪುರದ ಪಕ್ಕದ ಹಳ್ಳಿ, ಈರುಳ್ಳಿ ಬೆಳೆಯುವವರ ಮನೆ. ತೊಂಬತ್ತರ ದಶಕದಲ್ಲಿ, ಈರುಳ್ಳಿಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ, ಯಶವಂತಪುರದ ಮಂಡಿಗೆ ಲೋಡು ಹಾಕಿ ಬಂದ ಅಪ್ಪ ನನಗೂ ತಮ್ಮನಿಗೂ ಸೇರಿ ಒಂದು ಟಿವಿ ಗೇಮ್ ತಂದರು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಗನ್ನು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಕ್ಯಾಸೆಟ್ಟು ಓಡದಿದ್ದರೆ ಕಿತ್ತು, ಬಾಯಿಂದ ಉಫ್ ಅಂತ ಊದಿ, ಮತ್ತೆ ಒತ್ತಿ ಕೂರಿಸುತ್ತಿದ್ದೆವು.

ಇಬ್ಬರೂ ಹೆಚ್ಚು ಆಡಿದ್ದು ಕಾಂಟ್ರಾ. ಎಂಟು ಹಂತದ ಆಟ, ತಲೆಗೆ ಮೂರು ಜೀವ. ಎಲ್ಲಿಯವರೆಗೆ ಬಂದಿದ್ದೇವೆ ಅಂತ ಬರೆದಿಟ್ಟುಕೊಳ್ಳುವ ಶಕ್ತಿ ಆ ಕ್ಯಾಸೆಟ್ಟಿಗೆ ಇರಲಿಲ್ಲ. ಆರನೇ ಹಂತದಲ್ಲಿ ಕರೆಂಟು ಹೋಯಿತೋ, ಮತ್ತೆ ಮೊದಲನೇ ಹಂತದ ಕಾಡು. ಯಂತ್ರ ನೆನಪಿಡದ್ದನ್ನು ನಾವೇ ನೆನಪಿಡಬೇಕಾಗಿತ್ತು: ಯಾವ ಬಂಡೆಯ ಹಿಂದಿನಿಂದ ಗುಂಡು ಬರುತ್ತೆ, ಯಾವ ಸೇತುವೆ ಕಾಲಿಟ್ಟ ಕೂಡಲೇ ಸಿಡಿಯುತ್ತೆ, ಎಲ್ಲಾ.

ಮೂರನೇ ಹಂತ ಒಂದು ಜಲಪಾತ. ಬಂಡೆಯಿಂದ ಬಂಡೆಗೆ ಮೇಲಕ್ಕೆ ನೆಗೆಯುತ್ತ ಹೋಗಬೇಕು. ಇಬ್ಬರು ಆಡುವಾಗ ಒಬ್ಬ ಆತುರಪಟ್ಟು ಮೇಲೆ ಹತ್ತಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ. ಕೆಳಗೆ ಉಳಿದವನ ಕಾಲ ಕೆಳಗೆ ನೆಲವೇ ಇಲ್ಲದಂತಾಗಿ ಅವನು ಸಾಯುತ್ತಾನೆ. ಶತ್ರುವಿನ ಗುಂಡೇ ಬೇಕಾಗಿಲ್ಲ, ಅಣ್ಣನ ಆತುರ ಸಾಕು. ನನ್ನ ತಮ್ಮ ಎಷ್ಟು ಸಲ ಹಾಗೆ ಸತ್ತನೋ ಲೆಕ್ಕವಿಲ್ಲ. "ನಿನ್ನಿಂದ್ಲೇ ಸತ್ತೆ ಕಣಣ್ಣ" ಅಂತ ರಿಮೋಟು ಕೆಳಗಿಡುತ್ತಿದ್ದ. ಇಬ್ಬರಿಗೂ ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ಕಲ್ಲತ್ತಿಗಿರಿ ಜಲಪಾತಕ್ಕೆ ಹೋಗಿದ್ದೆವು. ಒದ್ದೆ ಮೆಟ್ಟಿಲಲ್ಲಿ ನಾನು ಎರಡು ಹೆಜ್ಜೆ ಮುಂದೆ ಹೋದೆ ಅಷ್ಟೇ, ಹಿಂದಿನಿಂದ ಅವನು ಕೂಗಿದ: "ಅಣ್ಣಾ, ನಿಂತ್ಕೋ, ನಾನಿನ್ನೂ ಕೆಳಗಿದೀನಿ!" ಆ ಕೂಗಿನ ಅರ್ಥ ಹೆಂಡತಿ ಮಕ್ಕಳಿಗೆ ಆಗಲಿಲ್ಲ. ನನ್ನ ಕಾಲು ತಾನಾಗಿಯೇ ನಿಂತಿತು.

ಮೂರು ಜೀವ ಸಾಲದು ಅನ್ನುವವರಿಗೆ ಒಂದು ಗುಟ್ಟಿತ್ತು. ಆಟ ಶುರುವಾಗುವ ಮೊದಲು ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಅಂತ ಗುಂಡಿ ಒತ್ತಿದರೆ 30 ಜೀವ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ 1986ರಲ್ಲಿ ಗ್ರಾಡಿಯಸ್ ಎಂಬ ಆಟವನ್ನು ಪರೀಕ್ಷೆ ಮಾಡುವಾಗ, ಅದು ತನಗೇ ಕಷ್ಟವೆನಿಸಿ, ಗುಂಡಿಗಳ ಈ ಸಾಲನ್ನು ಸೇರಿಸಿಕೊಂಡಿದ್ದರು. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಅದು ಬಾಯಿಂದ ಬಾಯಿಗೆ ಸಾಗಿ ನಮ್ಮ ಹಳ್ಳಿಯ ತನಕ ಬಂತು. ನನಗೆ ಹೇಳಿಕೊಟ್ಟವನು ಕಡೂರಿನಲ್ಲಿದ್ದ ಸೋದರಮಾವನ ಮಗ. ಅಲ್ಲಿ ಒಂದು ರೂಪಾಯಿ ನಾಣ್ಯ ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆ ಇತ್ತು. ಅದರಲ್ಲಿ ಕ್ಯಾಪ್‌ಕಾಮ್ ಕಂಪನಿಯ 1993ರ 'ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್'. ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ನಾಲ್ಕು ಜನ ನಾಯಕರಲ್ಲಿ ಒಬ್ಬನ ಹೆಸರು ಮುಸ್ತಫಾ, ಹಾಗಾಗಿ ಆಟದ ಹೆಸರೇ ಮುಸ್ತಫಾ. ಆ ಗುಟ್ಟಿನ ಸಾಲನ್ನು ಈಗ ಬಾಯಲ್ಲಿ ಹೇಳು ಅಂದರೆ ನಾನು ಒಂದು ಕ್ಷಣ ತಡವರಿಸುತ್ತೇನೆ. ಕೈಗೆ ರಿಮೋಟು ಕೊಡಿ, ಹೆಬ್ಬೆರಳು ತಡವರಿಸುವುದಿಲ್ಲ.

ಕೈಗೆ ಇರುವ ಈ ನೆನಪು, ಬಾಯಲ್ಲಿ ಹೇಳಬಹುದಾದ ನೆನಪಿಗಿಂತ ಬೇರೆ ಜಾತಿಯದು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೀ ಪಾಜಿಟ್ನೋವ್ ರಚಿಸಿದ ಟೆಟ್ರಿಸ್ ನಿಮಗೆ ಗೊತ್ತಿರುತ್ತದೆ. ಜಾತ್ರೆಯಲ್ಲಿ ಸಿಗುತ್ತಿದ್ದ, ಸೆಲ್ ಹಾಕಿ ಆಡುವ ಬ್ರಿಕ್ ಗೇಮ್‌ನಲ್ಲಿ ಮೇಲಿನಿಂದ ಇಟ್ಟಿಗೆ ಬೀಳುತ್ತಿತ್ತಲ್ಲ, ಅದೇ ಆಟ. ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು ಕೆಲವರಿಗೆ ಇದನ್ನು ಗಂಟೆಗಟ್ಟಲೆ ಆಡಿಸಿ, ನಿದ್ದೆ ಹತ್ತುವ ಹೊತ್ತಿಗೆ ಕಣ್ಣ ಮುಂದೆ ಏನು ಬರುತ್ತದೆ ಅಂತ ಕೇಳಿ, 2000ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅವರಲ್ಲಿ ಐದು ಜನ ಮಿದುಳಿಗೆ ಪೆಟ್ಟಾಗಿ ಹೊಸ ನೆನಪು ನಿಲ್ಲದವರು. ತಾವು ಆ ಆಟ ಆಡಿದ್ದೇವೆ ಅನ್ನುವುದೂ ಅವರಿಗೆ ನೆನಪಿರುತ್ತಿರಲಿಲ್ಲ. ಆದರೂ ಆ ಐವರಲ್ಲಿ ಮೂವರು, ಕಣ್ಣು ಮುಚ್ಚಿದರೆ ಏನೋ ಆಕಾರಗಳು ಬೀಳುತ್ತವೆ, ತಿರುಗುತ್ತವೆ ಅಂದರು. ಆಡಿದ್ದು ಮರೆತಿತ್ತು, ಆಟ ಉಳಿದಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಆಟದಲ್ಲಿ ಆಗುವಂತೆ ಕಥೆಯೊಳಗೆ ನಾವೇ ನಡೆದು ಹೋಗುವುದು ಹೊಸದೇನಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ದೇವಸ್ಥಾನದ ಹೊರಗೋಡೆ ನೋಡಿರುತ್ತೀರಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ್ದು. ಅಲ್ಲಿ 140 ಫಲಕಗಳಿವೆ. ಉತ್ತರಕ್ಕೆ ಕೃಷ್ಣನ ಕಥೆ ಮತ್ತು ಮಹಾಭಾರತ, ದಕ್ಷಿಣಕ್ಕೆ ರಾಮಾಯಣದ 70 ಫಲಕ. ರಾಮಾಯಣ ಸಾಗುವುದು ಅಪ್ರದಕ್ಷಿಣೆಯಾಗಿ. ಎಲ್ಲರಂತೆ ಪ್ರದಕ್ಷಿಣೆ ಬಂದರೆ ಕಥೆ ಹಿಂದುಮುಂದಾಗಿ ಎದುರಾಗುತ್ತದೆ. ಸರಿಯಾಗಿ ನೋಡಬೇಕಾದರೆ ನೀವು ತಿರುಗಿ ನಿಂತು ಎದುರು ದಿಕ್ಕಿಗೆ ನಡೆಯಬೇಕು. ನಿಮ್ಮ ಕಾಲು ನಡೆಯದೆ ಆ ಕಥೆ ನಡೆಯುವುದಿಲ್ಲ.

ಸೂಪರ್ ಮಾರಿಯೊ ಕೂಡ ಹಾಗೇ. 1985ರ ಆ ಆಟದಲ್ಲಿ ಓಟವೆಲ್ಲ ಬಲಕ್ಕೆ, ಪರದೆಯಾಚೆ ಹೋದದ್ದರ ಬಳಿಗೆ ಮತ್ತೆ ಬಿಡುವುದಿಲ್ಲ. ಇಡೀ ಆಟದ ತೂಕ 40 ಕಿಲೋಬೈಟ್. ಈಗ ಮೊಬೈಲಿಗೆ ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಸಾಲದೆ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಹಾಕಿ ಬಣ್ಣ ಮಾತ್ರ ಬದಲಿಸಿದ್ದಾರೆ. ಕೋಜಿ ಕೊಂಡೊ ಮಾಡಿದ ಸಂಗೀತವೂ ಪುಟ್ಟದು, ಸುತ್ತಿ ಸುತ್ತಿ ಅದೇ ಬರುತ್ತದೆ. ಹೊತ್ತು ಮುಗಿಯುತ್ತ ಬಂದಾಗ ಅದೇ ರಾಗ ದಡದಡನೆ ಓಡತೊಡಗುತ್ತದೆ. ನಮ್ಮಮ್ಮ ಒಂದು ದಿನವೂ ಟಿವಿ ಮುಂದೆ ಕೂತು ಆ ಆಟ ನೋಡಿದವರಲ್ಲ. ರಾಗ ಓಡಿದ್ದು ಅಡುಗೆಮನೆಗೆ ಕೇಳಿಸಿದರೆ ಸಾಕು, ಇನ್ನೇನು ಮುಗಿಯಿತು ಅಂತ ಗೊತ್ತಾಗಿ ಮುದ್ದೆ ಇಳಿಸುತ್ತಿದ್ದರು: "ಬರ್ರೋ ಊಟಕ್ಕೆ." ಅವರಿಗೆ ಇವತ್ತಿಗೂ ಆ ರಾಗ ಗುರುತು ಸಿಗುತ್ತದೆ.

ಎತ್ವ ಬರೀ ಸಾಯುವುದಕ್ಕೆ ಮಾತ್ರ ಅಂಟಿಕೊಳ್ಳುವುದಿಲ್ಲ. 2005ರಲ್ಲಿ ಫುಮಿಟೊ ಉಯೆಡಾ 'ಶಾಡೋ ಆಫ್ ದ ಕೊಲಾಸಸ್' ಅಂತ ಒಂದು ಆಟ ಮಾಡಿದರು. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಿಕೊಳ್ಳಬೇಕೆಂದರೆ ಹದಿನಾರು ಬೆಟ್ಟದಂಥ ಜೀವಿಗಳನ್ನು ಕೊಲ್ಲಬೇಕು. ಅವುಗಳಲ್ಲಿ ಕೆಲವು ತಮ್ಮ ಪಾಡಿಗೆ ತಾವು ಇರುವಂಥವು. ನಾವೇ ಹುಡುಕಿಕೊಂಡು ಹೋಗಿ, ಅವುಗಳ ಮೈಮೇಲಿನ ಕೂದಲು ಹಿಡಿದು ಹತ್ತಿ, ಕತ್ತಿ ಇಳಿಸುತ್ತೇವೆ. ಬಿದ್ದಾಗ ಗೆದ್ದ ಸಂಭ್ರಮದ ಸಂಗೀತ ಬರುವುದಿಲ್ಲ, ಶೋಕದ ಸಂಗೀತ ಬರುತ್ತದೆ. ಸಿನಿಮಾದಲ್ಲಾದರೆ 'ಪಾಪ, ಅದನ್ನ ಕೊಂದ' ಅಂತ ಹೀರೋನನ್ನು ಬಯ್ದು ಎದ್ದು ಬರಬಹುದಿತ್ತು. ಇಲ್ಲಿ ಗುಂಡಿ ಒತ್ತಿದ್ದು ನನ್ನ ಬೆರಳು. ಕೊಂದೆ. ಈ ಪಶ್ಚಾತ್ತಾಪವನ್ನು ಬೇರೆ ಯಾವ ಕಲೆಯೂ ನನಗೆ ಹೀಗೆ ಕೊಟ್ಟಿಲ್ಲ.

ಈಗಿನ ಹುಡುಗರ ಆಟ ಮೊಬೈಲಿನಲ್ಲಿ. 2020ರಲ್ಲಿ ಶಾಲೆ ಮುಚ್ಚಿ, ನೆಟ್‌ವರ್ಕ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತುತ್ತಿದ್ದ ಕಾಲ ನೆನಪಿದೆಯಲ್ಲ? ಪಾಠ ಮುಗಿದ ಮೇಲೆ ಅದೇ ಗುಡ್ಡದಲ್ಲಿ ನಾಲ್ಕು ಜನರ ತಂಡ ಕಟ್ಟಿ ಪಬ್‌ಜಿ ಆಡುತ್ತಿದ್ದರು. "ನಾಕ್ ಆದೆ, ರಿವೈವ್ ಮಾಡ್ರೋ!" ಅಲ್ಲೂ ಅದೇ ಎತ್ವ. ಆ ವರ್ಷ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತು. ಆದರೂ ಬಿದ್ದ ಗೆಳೆಯನ ಹತ್ತಿರ ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗಿ ಎಬ್ಬಿಸಿದ್ದು ಆ ಮಕ್ಕಳಿಗೆ ಮರೆಯುತ್ತದೆ ಅಂತ ನನಗನ್ನಿಸುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವು ಮನೆ ಮುರಿದಿವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿದ್ದು ಒಳ್ಳೆಯದಾಯಿತು. ಅವನ್ನೂ ಇವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಕ್ಕಳನ್ನು ಬಯ್ಯಬೇಡಿ ಅಂತ ನನ್ನ ಕೋರಿಕೆ.

ಎಲ್ಲ ಆಟವೂ ಹೊಡೆದಾಟವಲ್ಲ. 2023ರಲ್ಲಿ 'ವೆಣ್ಬಾ' ಅಂತ ಒಂದು ಪುಟ್ಟ ಆಟ ಬಂತು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ. ಆಡುವವರ ಕೆಲಸ ಅಡುಗೆ ಮಾಡುವುದು. ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲಕ್ಕೂ ಹೋಗುತ್ತದೆ ಅಂತ ನಾವೇ ಕಂಡುಕೊಳ್ಳಬೇಕು. ಮಗ ಬೆಳೆದಂತೆ ಅಮ್ಮನ ಭಾಷೆಯಿಂದ ದೂರವಾಗುತ್ತಾನೆ, ಆಮೇಲೊಮ್ಮೆ ಆ ಮಗನಾಗಿಯೂ ನಾವೇ ಒಲೆ ಮುಂದೆ ನಿಲ್ಲಬೇಕಾಗುತ್ತದೆ. ಇಂಥ ಆಟ ಕನ್ನಡದಲ್ಲೂ ಬರಬಹುದು. 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಆಟ ಕಟ್ಟುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಹಿಟ್ಟು ಗಂಟಾಗದ ಹಾಗೆ ಕೋಲು ತಿರುವಿ ಮುದ್ದೆ ಕಟ್ಟುವ ಒಂದು ಆಟವನ್ನು ಕನ್ನಡದ ಮಕ್ಕಳ ಹೆಬ್ಬೆರಳಿಗೆ ಯಾರಾದರೂ ಕೊಡಲಿ ಅಂತ ನನಗೆ ತುಂಬಾ ಆಸೆಯಿದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲೆ ಆ ಹಳೆ ಟಿವಿ ಗೇಮ್ ಸಿಕ್ಕಿತು. ಎ ಗುಂಡಿಯ ಮೇಲಿನ ಅಕ್ಷರ ಪೂರ್ತಿ ಸವೆದಿತ್ತು. ಹೊಸ ಚಪ್ಪಟೆ ಟಿವಿಗೆ ಸಿಕ್ಕಿಸಿ, ಬಾತುಕೋಳಿಗೆ ಗುರಿಯಿಡುವ ಡಕ್ ಹಂಟ್ ಹಾಕಿ, ತಮ್ಮನ ಮಗಳ ಕೈಗೆ ಗನ್ನು ಕೊಟ್ಟೆ. ಅವಳು ಎಷ್ಟು ಹೊಡೆದರೂ ಕೋಳಿ ಬೀಳಲಿಲ್ಲ. ಪ್ರತಿ ಸಲ ಹುಲ್ಲಿನ ಹಿಂದಿನಿಂದ ಆ ನಾಯಿ ಎದ್ದು ನಕ್ಕಿತು. "ದೊಡ್ಡಪ್ಪ, ಗನ್ನು ಕೆಟ್ಟಿದೆ."

ಗನ್ನು ಕೆಟ್ಟಿರಲಿಲ್ಲ. ಆ ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರೊಳಗಿರುವುದು ಬೆಳಕನ್ನು ನೋಡುವ ಒಂದು ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಕಣ್ಣೆವೆ ಮುಚ್ಚುವುದಕ್ಕೂ ಮೊದಲು ಒಮ್ಮೆ ಪೂರ್ತಿ ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಆ ಬಿಳಿ ಸರಿಯಾದ ಕ್ಷಣಕ್ಕೆ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಹಳೆ ಪಿಕ್ಚರ್ ಟ್ಯೂಬ್ ಟಿವಿಯ ಬೆಳಕಿಗೇ ಹೊಂದಿಸಿ ಮಾಡಿದ್ದು ಅದು. ಚಪ್ಪಟೆ ಟಿವಿ ತುಸು ತಡಮಾಡಿ ತೋರಿಸುತ್ತದೆ, ಆ ತುಸುವಿನಲ್ಲೇ ಎಲ್ಲ ತಪ್ಪಿಹೋಗುತ್ತದೆ.

ತಮ್ಮನೂ ನಾನೂ ಸೇರಿ ಈರುಳ್ಳಿ ಚೀಲಗಳ ಹಿಂದೆ ಮೂಲೆ ಸೇರಿದ್ದ ಹಳೆ ಟಿವಿಯನ್ನು ಹೊತ್ತು ತಂದೆವು. ಬಟ್ಟೆಯಿಂದ ಧೂಳು ಒರೆಸಿ ಹಾಕಿದರೆ ಚಿತ್ರ ನಡುಗಿ ನಡುಗಿ ನಿಂತಿತು. ಮಗು ಗನ್ನೆತ್ತಿ, ಒಂದು ಕಣ್ಣು ಮುಚ್ಚಿ, ಕುದುರೆ ಎಳೆದಳು. ಕೋಳಿ ಗಿರಕಿ ಹೊಡೆಯುತ್ತ ಹುಲ್ಲಿಗೆ ಬಿತ್ತು.

"ಹೊಡ್ದೆ!" ಅಂದಳು.

ಪಕ್ಕದಲ್ಲಿ ಕೂತಿದ್ದ ತಮ್ಮ ಗನ್ನಿಗೆ ಕೈಚಾಚಿದ. "ತಡಿ ಅಪ್ಪ, ಇನ್ನೊಂದ್ ಸಲ" ಅಂತ ಅವಳು ಕೊಡಲಿಲ್ಲ.