ಮಾಳಿಗೆಯ ಏರಿಯಲ್



ಮುಂಬಯಿಯಲ್ಲಿ ೧೯೭೨ರ ಅಕ್ಟೋಬರ್ ೨ರಂದು ಟೆಲಿವಿಷನ್ ಕೇಂದ್ರ ಆರಂಭವಾಯಿತು. ಮುಂದೆ ನಮ್ಮ ಹಿರಿಯರು ವಂತಿಗೆ ಎತ್ತಿ ಕೋಣೆಗೆ ಹಳೆಯ ಸೆಟ್ಟೊಂದನ್ನು ತಂದರು. ಏರಿಯಲ್ಲಿಗೆ ಹಣ ಉಳಿಯಲಿಲ್ಲ. ಅದನ್ನು ಕೈಯಾರೆ ಮಾಡಿದರು. ನಾವು ಆ ವಿದ್ಯೆಯನ್ನು ಅವರಿಂದಲೇ ಕಲಿತೆವು.

ಲೆಕ್ಕ ಸುಲಭ. ೩೦೦ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ೪ನೆಯ ಚಾನೆಲಿನ ಚಿತ್ರಕ್ಕೆ ೬೨.೨೫ ಮೆಗಾಹರ್ಟ್ಸ್; ಅಲೆ ಸುಮಾರು ೪.೮ ಮೀಟರ್. ಅದರ ಅರ್ಧದಲ್ಲಿ ನೂರಕ್ಕೆ ಐದರಷ್ಟು ಕಳೆದರೆ ೨.೩ ಮೀಟರ್. ಪರದೆ ಕಟ್ಟುವ ಅಲ್ಯೂಮಿನಿಯಂ ಕೊಳವೆಯಿಂದ ೧.೧೫ ಮೀಟರಿನ ಎರಡು ತುಂಡು ಕತ್ತರಿಸಿ, ಒಣ ಹಲಗೆಯ ಮೇಲೆ ಒಂದೇ ಸಾಲಿನಲ್ಲಿ, ನಡುವೆ ಬೆರಳಗಲ ಬಿಟ್ಟು ಬಿಗಿಯುತ್ತಿದ್ದೆವು. ಒಳತುದಿಗಳಿಗೆ ತಂತಿಯ ಎರಡು ಎಳೆ. ಕೊಳವೆಯ ಮಗ್ಗುಲು ಕೇಂದ್ರದತ್ತ ಇರಬೇಕು, ತುದಿಯಲ್ಲ. ಒಬ್ಬ ಮಾಳಿಗೆಯಲ್ಲಿ ತಿರುಗಿಸುವನು, ಒಬ್ಬ ಮೆಟ್ಟಿಲಲ್ಲಿ ನಿಲ್ಲುವನು, ಒಬ್ಬ ಸೆಟ್ಟಿನ ಮುಂದಿನಿಂದ "ಬಂತು, ಹೋಯಿತು" ಎಂದು ಕೂಗುವನು.

ನಾವು ಕೆಲಸಕ್ಕೆ ಸೇರಿದ ವರ್ಷ ಹುಡುಗನೊಬ್ಬ ಯಾರಿಗೂ ಹೇಳದೆ ಮೇಲೆ ಹತ್ತಿದ. ಗಾಳಿಗೆ ಕಂಬ ವಾಲಿ ವಿದ್ಯುತ್ ತಂತಿಯಿಂದ ಗೇಣು ದೂರದಲ್ಲಿ ನಿಂತಿತು. ಊರಿಗೆ ಮನಿಯಾರ್ಡರ್ ಕಳಿಸುವವನು ಆ ಮನೆಯಲ್ಲಿ ಅವನೊಬ್ಬನೇ. ಅಂದಿನಿಂದ ನಮ್ಮ ನಿಯಮ: ಒಬ್ಬನೇ ಹತ್ತಬಾರದು, ಕಂಬ ಬಿದ್ದರೂ ತಂತಿ ಮುಟ್ಟದ ಜಾಗ ನೋಡಬೇಕು, ಗುಡುಗಿದರೆ ಇಳಿಯಬೇಕು.

ಆ ಪ್ರಸಾರ ಈಗಿಲ್ಲ, ಲೆಕ್ಕ ಉಳಿದಿದೆ. ೧೦೦ ಮೆಗಾಹರ್ಟ್ಸಿನ ಎಫ್.ಎಂ. ರೇಡಿಯೋಗೆ ಒಟ್ಟು ೧.೪ ಮೀಟರ್ ಸಾಕು. ಮಾಡುವುದಿದ್ದರೆ ಸಂಘಕ್ಕೆ ತಿಳಿಸಿ. ಏಣಿ ಹಿಡಿಯಲು ನಾವು ಬರುತ್ತೇವೆ.