ವಿಸ್ಮಯ ಮತ್ತು ಕಾರಣ: ಸಿನಿಮಾದಲ್ಲಿ ದೃಶ್ಯಪರಿಣಾಮ ಹಾಗೂ ಕಥೆಯ ಸಂಬಂಧ

ಕಥೆ ಸಾಧಾರಣವಾಗಿದ್ದರೂ ಗ್ರಾಫಿಕ್ಸ್ ಅದ್ಭುತವಾಗಿರುವುದರಿಂದ ಒಮ್ಮೆ ನೋಡಬಹುದು ಎಂಬ ತೀರ್ಪು ಇಂದಿನ ಸಿನಿಮಾ ವಿಮರ್ಶೆಯಲ್ಲಿ ಎಷ್ಟು ರೂಢಿಗೆ ಬಂದಿದೆಯೆಂದರೆ, ಅದರ ಹಿಂದಿರುವ ಗ್ರಹಿಕೆ ಸರಿಯೇ ಎಂದು ಕೇಳುವವರು ವಿರಳ. ಕಥೆ ಮತ್ತು ನೋಟ ಒಂದೇ ಲೆಕ್ಕದ ಪುಸ್ತಕದ ಎರಡು ಬಾಬ್ತುಗಳು, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಿಂದ ಸರಿದೂಗಿಸಬಹುದು ಎಂಬುದೇ ಆ ಗ್ರಹಿಕೆ. ಅದನ್ನು ಕೆಲವು ಚಿತ್ರಗಳ ಆಧಾರದ ಮೇಲೆ ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ಚಿತ್ರೀಕರಣದ ವೇಳೆ ಕ್ಯಾಮೆರಾದ ಎದುರು ಇಲ್ಲದ, ಅಥವಾ ಇರಲು ಸಾಧ್ಯವೇ ಇಲ್ಲದ ಸಂಗತಿಯನ್ನು ಆನಂತರ ಚಿತ್ರಿಕೆಯೊಳಗೆ ಸೇರಿಸುವ ಕೆಲಸಕ್ಕೆ ದೃಶ್ಯಪರಿಣಾಮ ಅಥವಾ ವಿಎಫ್‌ಎಕ್ಸ್ ಎಂದು ಹೆಸರು. ಮಳೆ, ಹೊಗೆ, ಯಂತ್ರದ ಬೊಂಬೆ ಮುಂತಾದವುಗಳನ್ನು ಚಿತ್ರೀಕರಣದ ಸ್ಥಳದಲ್ಲಿಯೇ ನಿರ್ಮಿಸಿದರೆ ಅದನ್ನು ವಿಶೇಷ ಪರಿಣಾಮವೆಂದು ಬೇರೆಯಾಗಿ ಗುರುತಿಸುತ್ತಾರೆ. ನೋಡುಗನ ಪಾಲಿಗೆ ಇವೆರಡೂ ಒಂದೇ ಬಗೆಯ ಬೆರಗನ್ನು ಹುಟ್ಟಿಸುವುದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ಪರಿಗಣಿಸಲಾಗಿದೆ.

ಈ ಚರ್ಚೆ ಸಿನಿಮಾಕ್ಕಿಂತ ಹಳೆಯದು. ಅರಿಸ್ಟಾಟಲನು ದುರಂತ ನಾಟಕದ ಆರು ಅಂಗಗಳನ್ನು ಹೇಳುವಾಗ ಕಥಾವಸ್ತುವಿಗೆ ಮೊದಲ ಸ್ಥಾನ ಕೊಟ್ಟು, ರಂಗದ ದೃಶ್ಯವೈಭವವು ಮನಸ್ಸನ್ನು ಸೆಳೆಯುವುದಾದರೂ ಕವಿಯ ಕಲೆಗೆ ಎಲ್ಲಕ್ಕಿಂತ ದೂರವಾದದ್ದೆಂದು ಬದಿಗಿಟ್ಟನು. ಓದಿದರೂ ಪರಿಣಾಮ ಬೀರಬಲ್ಲ ನಾಟಕಕ್ಕೆ ಸಲ್ಲುವ ಈ ಮಾತನ್ನು, ನೋಟವೇ ನುಡಿಯಾಗಿರುವ ಸಿನಿಮಾಕ್ಕೆ ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ವಿಚಾರ ಇಲ್ಲಿ ಹೆಚ್ಚು ಉಪಯುಕ್ತವಾಗಿದೆ. ರಸದಲ್ಲಿ ತಲ್ಲೀನನಾದ ಕವಿಗೆ ಬೇರೆ ಪ್ರಯತ್ನವಿಲ್ಲದೆ ಸಿದ್ಧಿಸುವ ಅಲಂಕಾರವೇ ನಿಜವಾದ ಅಲಂಕಾರ, ಅದಕ್ಕೆಂದೇ ಪ್ರತ್ಯೇಕವಾಗಿ ಹೆಣಗಿ ತಂದದ್ದು ರಸಕ್ಕೆ ಹೊರಗಿನದು ಎಂದು ಅವನು ‘ಧ್ವನ್ಯಾಲೋಕ’ದಲ್ಲಿ ಪ್ರತಿಪಾದಿಸುತ್ತಾನೆ. ದೃಶ್ಯಪರಿಣಾಮದ ಕೆಲಸವಾದರೋ ಸ್ವಭಾವತಃ ಪ್ರತ್ಯೇಕ ಪ್ರಯತ್ನವೇ ಆಗಿದೆ. ಅದು ಬೇರೆ ಊರಿನಲ್ಲಿ, ಬೇರೆ ಸಂಸ್ಥೆಯಲ್ಲಿ, ನಿರ್ದೇಶಕನನ್ನು ಮುಖತಃ ಕಂಡಿರದ ಕಲಾವಿದರಿಂದಲೂ ನಡೆಯುತ್ತದೆ. ಹಾಗಿದ್ದೂ ಪರದೆಯ ಮೇಲೆ ಅದು ಕಥೆಯೊಳಗಿಂದಲೇ ಮೂಡಿದಂತೆ ಕಾಣಬೇಕಾಗಿರುವುದು ಈ ಕಲೆಯ ಮುಖ್ಯ ಸವಾಲು.

ಬೆರಗೊಂದನ್ನೇ ನೆಚ್ಚಿ ಸಿನಿಮಾ ಬದುಕಿದ ಕಾಲವೂ ಇತ್ತೆಂಬುದನ್ನು ಮರೆಯುವಂತಿಲ್ಲ. ಜಾದೂಗಾರನಾಗಿದ್ದ ಜಾರ್ಜ್ ಮೆಲಿಯೆ 1902ರಲ್ಲಿ ಚಂದ್ರಯಾನದ ಚಿತ್ರವನ್ನು ಮಾಡಿದಾಗ ಅದರಲ್ಲಿ ಕಥೆಯೆಂಬುದು ಒಂದು ಚಮತ್ಕಾರದಿಂದ ಇನ್ನೊಂದಕ್ಕೆ ಸಾಗುವ ನೆಪವಷ್ಟೇ ಆಗಿತ್ತು. ಚಲನಚಿತ್ರದ ಇತಿಹಾಸಕಾರ ಟಾಮ್ ಗನ್ನಿಂಗ್ ಆ ಆರಂಭಿಕ ಘಟ್ಟವನ್ನು ಆಕರ್ಷಣೆಗಳ ಸಿನಿಮಾ ಎಂದು ಕರೆದು, ಕಥೆ ಹೇಳುವುದಕ್ಕಿಂತ ತೋರಿಸುವುದೇ ಅದರ ಗುರಿಯಾಗಿತ್ತು ಎಂದು ವಿವರಿಸಿದ್ದಾನೆ. ಕಥಾಚಿತ್ರಗಳು ಬೆಳೆದಂತೆ ಮೆಲಿಯೆಯ ಚಮತ್ಕಾರಗಳಿಗೆ ಬೇಡಿಕೆ ಕುಸಿಯಿತು, ಮತ್ತು ಆತ ಕೊನೆಗೆ ಪ್ಯಾರಿಸಿನ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆಗಳನ್ನು ಮಾರಿ ಜೀವಿಸಬೇಕಾಯಿತು. ವ್ಯಾಪಾರದ ಬೇರೆ ಕಾರಣಗಳೂ ಇದರಲ್ಲಿ ಇದ್ದವೆಂಬುದು ನಿಜ. ಆದರೆ ಅದೇ ಚಮತ್ಕಾರವನ್ನು ಎರಡನೆಯ ಬಾರಿ ನೋಡುವವನಿಗೆ ಮೊದಲಿನ ಬೆರಗು ಉಳಿಯುವುದಿಲ್ಲ ಎಂಬ ಸತ್ಯವನ್ನು ಸಿನಿಮಾ ತನ್ನ ಎಳವೆಯಲ್ಲಿಯೇ ಕಂಡುಕೊಂಡಿತು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಅದ್ಭುತ ರಸದ ಸ್ಥಾಯಿಭಾವ, ಎಂದರೆ ಅದರ ಮೂಲದಲ್ಲಿರುವ ಭಾವ, ವಿಸ್ಮಯ. ಆದರೆ ವಿಸ್ಮಯ ರಸವಾಗಿ ಪಾಕಗೊಳ್ಳಬೇಕಾದರೆ ಅಡ್ಡಿಗಳು ತೊಲಗಬೇಕು. ಕಾವ್ಯಮೀಮಾಂಸಕ ಅಭಿನವಗುಪ್ತನು ಎಣಿಸಿರುವ ಏಳು ರಸವಿಘ್ನಗಳಲ್ಲಿ ಮೊದಲನೆಯದು ಸಂಭಾವನಾವಿರಹ, ಎಂದರೆ ಇದು ನಡೆದೀತು ಎಂದು ಸಹೃದಯನ ಮನಸ್ಸು ಒಪ್ಪದಿರುವುದು. ಕಡಲನ್ನು ದಾಟುವಂಥ ಅಸಾಮಾನ್ಯ ಕಾರ್ಯಗಳನ್ನು ರಾಮನಂಥ ಪ್ರಸಿದ್ಧ ನಾಯಕರಿಗೆ ಹೊಂದಿಸಿದರೆ ಆ ವಿಘ್ನ ಕಳೆಯುತ್ತದೆಂಬುದು ಅವನ ಪರಿಹಾರ. ಗಮನಿಸಬೇಕಾದ ಸಂಗತಿಯೆಂದರೆ, ಅಸಂಭವವನ್ನು ಇನ್ನಷ್ಟು ಚೆನ್ನಾಗಿ ತೋರಿಸುವುದರಿಂದ ಅದು ಸಂಭವವಾಗುತ್ತದೆಂದು ಅವನು ಹೇಳುವುದಿಲ್ಲ. ನಂಬಿಕೆಯ ಮೂಲವನ್ನು ಪಾತ್ರದಲ್ಲಿ ಕಾಣುತ್ತಾನೆ. ಕೆ.ವಿ. ರೆಡ್ಡಿಯವರು 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದ ‘ಮಾಯಾಬಜಾರ್’ ಇದಕ್ಕೆ ಉತ್ತಮ ನಿದರ್ಶನ. ಘಟೋತ್ಕಚನ ಬಾಯಿಗೆ ಲಾಡುಗಳು ತಾವಾಗಿಯೇ ಹಾರಿಹೋಗುವ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರ ಕೈಚಳಕವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದೇ ಚಿತ್ರದ ಅತ್ಯಂತ ಸೊಗಸಾದ ಮಾಯೆಯಲ್ಲಿ ಕ್ಯಾಮೆರಾದ ಪಾತ್ರ ತೀರ ಅಲ್ಪ. ನಾಯಕಿ ಶಶಿರೇಖೆಯ ರೂಪ ಧರಿಸಿದ ಘಟೋತ್ಕಚ ಮದುವೆಯ ಮಂಟಪದಲ್ಲಿ ವರ ಲಕ್ಷ್ಮಣಕುಮಾರನ ಕಾಲು ತುಳಿದು ಕಂಗಾಲುಗೊಳಿಸುವಾಗ, ನಟಿ ಸಾವಿತ್ರಿಯವರು ಸುಕುಮಾರಿಯ ಮುಖದಲ್ಲಿ ರಾಕ್ಷಸನ ಗತ್ತನ್ನು ತೋರಿಸುತ್ತಾರೆ. ಒಳಗಿರುವವನು ಯಾರೆಂಬುದನ್ನು ಕಥೆ ಮೊದಲೇ ತಿಳಿಸಿರುವುದರಿಂದ ಪ್ರೇಕ್ಷಕನು ಪರದೆಯ ಮೇಲೆ ಇಲ್ಲದ ರಾಕ್ಷಸನನ್ನು ತಾನೇ ಕಾಣುತ್ತಾನೆ.

ಇದೇ ತತ್ತ್ವ ಕಂಪ್ಯೂಟರ್ ಯುಗಕ್ಕೂ ಅನ್ವಯಿಸುತ್ತದೆ. ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಜುರಾಸಿಕ್ ಪಾರ್ಕ್’ (1993) ಎರಡು ಗಂಟೆಗೂ ಮಿಕ್ಕಿದ ಚಿತ್ರ; ಅದರಲ್ಲಿ ಡೈನೋಸಾರ್‌ಗಳು ಕಾಣಿಸಿಕೊಳ್ಳುವುದು ಸುಮಾರು 15 ನಿಮಿಷ ಮಾತ್ರ, ಅದರಲ್ಲಿಯೂ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಭಾಗ ಸುಮಾರು ಆರು ನಿಮಿಷ, ಉಳಿದದ್ದು ಸ್ಟ್ಯಾನ್ ವಿನ್‌ಸ್ಟನ್ ತಂಡದ ಯಂತ್ರಬೊಂಬೆಗಳ ಕೆಲಸ. ಆ ಚಿತ್ರದ ಅತಿ ಭಯಾನಕ ಕ್ಷಣದಲ್ಲಿ ಪ್ರಾಣಿಯೇ ಇಲ್ಲ. ಮಳೆಯ ರಾತ್ರಿ ನಿಂತ ವಾಹನದ ಡ್ಯಾಶ್‌ಬೋರ್ಡಿನ ಮೇಲಿನ ಲೋಟದ ನೀರಿನಲ್ಲಿ ವೃತ್ತಾಕಾರದ ಸಣ್ಣ ತರಂಗಗಳು ಏಳುತ್ತವೆ, ನಿಲ್ಲುತ್ತವೆ, ಮತ್ತೆ ಏಳುತ್ತವೆ. ಆ ತರಂಗವನ್ನು ಮೂಡಿಸಲು ತಂತ್ರಜ್ಞರು ಡ್ಯಾಶ್‌ಬೋರ್ಡಿನ ಕೆಳಗೆ ಗಿಟಾರಿನ ತಂತಿಯನ್ನು ಬಿಗಿದು ಮೀಟಿದರು. ಒಂದು ತಂತಿಯ ಕಂಪನಕ್ಕೆ ಅಷ್ಟು ಶಕ್ತಿ ಬಂದದ್ದಕ್ಕೆ ಕಾರಣವಿದೆ. ಉದ್ಯಾನದ ಬೇಲಿಗೆ ವಿದ್ಯುತ್ ಹರಿಯುತ್ತಿಲ್ಲವೆಂಬುದು, ಭ್ರೂಣಗಳನ್ನು ಕದಿಯಲು ಹೊರಟ ನೌಕರನೊಬ್ಬನ ದುರಾಸೆಯಿಂದ ಅದು ನಿಂತಿತೆಂಬುದು, ವಾಹನದೊಳಗೆ ಇಬ್ಬರು ಮಕ್ಕಳಿದ್ದಾರೆಂಬುದು ಪ್ರೇಕ್ಷಕನಿಗೆ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಕಾರಣಗಳ ಸರಪಣಿ ಸಿದ್ಧವಾಗಿದ್ದುದರಿಂದ ನೀರು ನಡುಗಿದರೂ ಎದೆ ನಡುಗುತ್ತದೆ.

ಇದಕ್ಕೆ ಪ್ರತಿಯಾಗಿ 2001ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್’ ಚಿತ್ರವನ್ನು ನೋಡಬಹುದು. ನಿಜ ಮನುಷ್ಯರನ್ನೇ ಹೋಲುವ ಪಾತ್ರಗಳನ್ನು ಇಡಿಯಾಗಿ ಕಂಪ್ಯೂಟರಿನಲ್ಲಿ ರೂಪಿಸಿದ ಈ ಚಿತ್ರದಲ್ಲಿ ನಾಯಕಿ ಆಕಿಯ ತಲೆಯ ಸುಮಾರು 60,000 ಕೂದಲೆಳೆಗಳನ್ನು ಒಂದೊಂದಾಗಿ ಚಲಿಸುವಂತೆ ಮಾಡಲಾಗಿತ್ತು. ಎಂಟು ಚೈತನ್ಯಗಳನ್ನು ಕೂಡಿಸಿದರೆ ಭೂಮಿ ಉಳಿಯುತ್ತದೆಂದು ಪಾತ್ರಗಳು ಮತ್ತೆ ಮತ್ತೆ ಹೇಳುತ್ತವೆಯೇ ಹೊರತು, ಅದು ಏಕೆ ಹಾಗೆ ಎಂಬುದು ಘಟನೆಗಳಿಂದ ಮನದಟ್ಟಾಗುವುದಿಲ್ಲ. ಒಂದು ಚೈತನ್ಯ ಸಿಗದೇ ಹೋದರೆ ಯಾರಿಗೆ ಏನು ನಷ್ಟವೆಂಬುದೂ ಅನುಭವಕ್ಕೆ ಬರುವುದಿಲ್ಲ. ಸುಮಾರು 13.7 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 8.5 ಕೋಟಿ ಡಾಲರ್, ಅದನ್ನು ತಯಾರಿಸಿದ ಸ್ಟುಡಿಯೋ ಬಾಗಿಲು ಮುಚ್ಚಿತು. ಇದಕ್ಕೆ ಏಳು ದಶಕಗಳಷ್ಟು ಹಿಂದಿನ ‘ಕಿಂಗ್ ಕಾಂಗ್’ (1933) ಚಿತ್ರದಲ್ಲಿ ವಿಲ್ಲಿಸ್ ಓ’ಬ್ರಿಯನ್ ಒಂದೂವರೆ ಅಡಿಯ ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚೌಕಟ್ಟು ಚಿತ್ರಿಸಿ, ಮತ್ತೆ ಸರಿಸಿ ಚಲನೆಯ ಭ್ರಮೆಯನ್ನು ಹುಟ್ಟಿಸಿದ್ದನು. ಈ ವಿಧಾನಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು. ಪ್ರತಿ ಬಾರಿ ಬೆರಳು ತಾಗಿದಾಗಲೂ ಬೊಂಬೆಯ ತುಪ್ಪಟ ಚದುರಿದ್ದು ಪರದೆಯ ಮೇಲೆ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ. ಆ ದೋಷ ಕಣ್ಣಿಗೆ ಬಿದ್ದ ಮೇಲೆಯೂ ಗೋಪುರದ ತುದಿಯಿಂದ ಕಾಂಗ್ ಉರುಳುವಾಗ ಮನಸ್ಸು ಕರಗುತ್ತದೆ, ಏಕೆಂದರೆ ತನ್ನ ದ್ವೀಪದಿಂದ ಸಂಕೋಲೆಯಲ್ಲಿ ಎಳೆದು ತರಲ್ಪಟ್ಟ ಜೀವವೊಂದರ ಅಂತ್ಯವದು. ಆಕಿಯ ನಿರ್ದುಷ್ಟ ಕೇಶರಾಶಿಗೆ ಒದಗದ ಭಾಗ್ಯ ಕಾಂಗ್‌ನ ಚದುರಿದ ತುಪ್ಪಟಕ್ಕೆ ಒದಗಿದ್ದು ಹೀಗೆ.

ಈ ವಾದಕ್ಕೆ ಬಲವಾದ ಆಕ್ಷೇಪವೆಂದರೆ ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್’ (2009). ಅದರ ಕಥೆ ಹಳೆಯದು, ಪಾತ್ರಗಳು ಊಹಿಸಬಹುದಾದಂಥವು ಎಂದು ಬಿಡುಗಡೆಯ ದಿನಗಳಿಂದಲೂ ಹೇಳಲಾಗುತ್ತಿದೆ. ಕಲಾನಿರ್ದೇಶನ, ಛಾಯಾಗ್ರಹಣ ಮತ್ತು ದೃಶ್ಯಪರಿಣಾಮಗಳಿಗೆ ಆಸ್ಕರ್ ಪಡೆದ ಚಿತ್ರಕ್ಕೆ ಚಿತ್ರಕಥೆಯ ವಿಭಾಗದಲ್ಲಿ ನಾಮನಿರ್ದೇಶನವೂ ದೊರೆಯಲಿಲ್ಲ. ಆದರೂ ಮರುಬಿಡುಗಡೆಗಳೂ ಸೇರಿ ಅದರ ಗಳಿಕೆ 290 ಕೋಟಿ ಡಾಲರ್ ದಾಟಿದೆ. ಪ್ರಚಾರದ ಫಲವೆಂದೋ ಪ್ರೇಕ್ಷಕರ ಅಭಿರುಚಿಹೀನತೆಯೆಂದೋ ಇದನ್ನು ತಳ್ಳಿಹಾಕುವುದು ಸುಲಭ, ಆದರೆ ಅದು ಪ್ರಾಮಾಣಿಕ ಉತ್ತರವಲ್ಲ. ಚಿತ್ರದ ಆರಂಭದಲ್ಲಿ ಬರುವ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಬೇಕು. ಯುದ್ಧದಲ್ಲಿ ಗಾಯಗೊಂಡು ಗಾಲಿಕುರ್ಚಿಯನ್ನೇ ನೆಚ್ಚಿದ ಜೇಕ್ ಸಲಿ ಮೊದಲ ಬಾರಿ ನೀಲಿ ದೇಹದೊಳಗೆ ಎಚ್ಚರಗೊಳ್ಳುತ್ತಾನೆ. ವೈದ್ಯರು ತಡೆಯುತ್ತಿದ್ದರೂ ಕೇಳದೆ ತೂರಾಡುತ್ತ ಎದ್ದು ಹೊರಗೋಡಿ, ತೋಟದಲ್ಲಿ ನಿಂತು ಕಾಲ್ಬೆರಳುಗಳನ್ನು ಮಣ್ಣಿನೊಳಗೆ ಊರುತ್ತಾನೆ. ನಟನ ಚಲನೆ ಮತ್ತು ಮುಖಭಾವಗಳನ್ನು ಸಂವೇದಕಗಳ ಮೂಲಕ ದಾಖಲಿಸಿ ಕಂಪ್ಯೂಟರ್ ಪಾತ್ರಕ್ಕೆ ವರ್ಗಾಯಿಸುವ ಪರ್ಫಾರ್ಮೆನ್ಸ್ ಕ್ಯಾಪ್ಚರ್ ವಿಧಾನದ ಎಲ್ಲ ಸಾಮರ್ಥ್ಯವೂ ಅಲ್ಲಿ ಒಂದು ಪಾದದಲ್ಲಿ ನೆಲೆಗೊಂಡಿದೆ. ಇಲ್ಲಿ ದೃಶ್ಯಪರಿಣಾಮ ಕಥೆಯ ಕೊರತೆಯನ್ನು ಮುಚ್ಚುತ್ತಿಲ್ಲ, ಕಥೆಯ ಆ ವಾಕ್ಯವನ್ನು ತಾನೇ ಬರೆಯುತ್ತಿದೆ.

ಆದ್ದರಿಂದ ದುರ್ಬಲ ಕಥೆ ಎಂಬ ಒಂದೇ ಹೆಸರಿನಡಿ ಎರಡು ಭಿನ್ನ ಸ್ಥಿತಿಗಳನ್ನು ಸೇರಿಸಿರುವುದೇ ಗೊಂದಲಕ್ಕೆ ಕಾರಣವೆನ್ನಬೇಕು. ಒಂದು, ತೆಳುವಾದ ಕಥೆ: ಘಟನೆಗಳು ಕಡಿಮೆ, ತಿರುವುಗಳು ಪರಿಚಿತ, ಆದರೆ ಒಂದರಿಂದ ಇನ್ನೊಂದು ಅನಿವಾರ್ಯವಾಗಿ ಹುಟ್ಟುತ್ತದೆ. ಇನ್ನೊಂದು, ಸಡಿಲವಾದ ಕಥೆ: ಘಟನೆಗಳು ಹೇರಳ, ಆದರೆ ಒಂದನ್ನು ಕಿತ್ತರೂ ಮುಂದಿನದಕ್ಕೆ ಬಾಧಕವಿಲ್ಲ. ತೆಳು ಕಥೆಗೆ ದೃಶ್ಯಪರಿಣಾಮ ಮೈಕೊಡಬಲ್ಲದು, ಸಡಿಲ ಕಥೆಗೆ ಅದು ಇನ್ನಷ್ಟು ಭಾರವಾಗುತ್ತದೆ. ನಮ್ಮ ಜಾನಪದ ಕಥೆಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆಯವು ಎಂಬುದನ್ನು ನೆನೆದರೆ, ತೆಳುತನ ಸ್ವತಃ ದೋಷವಲ್ಲವೆಂಬುದು ಗೊತ್ತಾಗುತ್ತದೆ.

ಕನ್ನಡ ಪ್ರೇಕ್ಷಕರಿಗೆ ನಿಕಟವಾದ ಎರಡು ಚಿತ್ರಗಳಲ್ಲಿ ಈ ಭೇದ ಸ್ಪಷ್ಟವಾಗಿದೆ. ಎಸ್.ಎಸ್. ರಾಜಮೌಳಿಯವರ ‘ಈಗ’ (2012) ಚಿತ್ರದಲ್ಲಿ ಸುದೀಪ್ ಅವರ ಎದುರಾಳಿ ಒಂದು ನೊಣ. ಕೊಲೆಯಾದ ಪ್ರೇಮಿ ನೊಣವಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುತ್ತಾನೆಂಬ ಒಂದೇ ವಾಕ್ಯದಲ್ಲಿ ಕಥೆ ಮುಗಿಯುತ್ತದೆ. ಆದರೆ ನಾಯಕಿ ಬಿಂದು ಸೂಕ್ಷ್ಮ ಕಲಾಕೃತಿಗಳನ್ನು ರಚಿಸುವವಳೆಂದು ಮೊದಲೇ ತಿಳಿಸಿರುವುದರಿಂದ, ಮುಂದೆ ಅವಳು ನೊಣಕ್ಕೆ ಪುಟ್ಟ ಆಯುಧಗಳನ್ನು ಮಾಡಿಕೊಟ್ಟಾಗ ಅದು ಅಸಂಗತವೆನಿಸುವುದಿಲ್ಲ. ಸುದೀಪ್ ಅವರಾದರೋ ಚಿತ್ರೀಕರಣದ ವೇಳೆ ಇಲ್ಲದ ಕೀಟವನ್ನು ಕಣ್ಣಿನಿಂದ ಹಿಂಬಾಲಿಸುತ್ತ, ನಿದ್ದೆಗೆಟ್ಟವನ ಭೀತಿಯನ್ನು ಹಂತಹಂತವಾಗಿ ಕಟ್ಟುತ್ತಾರೆ. ನೊಣ ಇದೆಯೆಂದು ನಂಬಿಸಿದ್ದರಲ್ಲಿ ಆ ನಟನ ಪಾಲು ಕಂಪ್ಯೂಟರಿನ ಪಾಲಿಗಿಂತ ಕಡಿಮೆಯದಲ್ಲ.

ಇದೇ ಚಿತ್ರಕ್ಕೆ ದುಡಿದ ಮಕುಟ ಸಂಸ್ಥೆಯ ತಂತ್ರಜ್ಞರೇ ಕೋಡಿ ರಾಮಕೃಷ್ಣ ನಿರ್ದೇಶನದ ಕನ್ನಡದ ‘ನಾಗರಹಾವು’ (2016) ಚಿತ್ರದಲ್ಲಿ, 2009ರಲ್ಲಿ ಅಗಲಿದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನ ನೆರವಿನಿಂದ ಮರಳಿ ಪರದೆಗೆ ತಂದರು. ಅದು ಸಣ್ಣ ಸಾಧನೆಯಲ್ಲ, ಅದನ್ನು ಕಂಡು ಅಭಿಮಾನಿಗಳು ತಳೆದ ಪ್ರೀತಿಯೂ ಹುಸಿಯಲ್ಲ. ಆದರೆ ಆ ಪ್ರೀತಿ ಎಲ್ಲಿಂದ ಬಂತು ಎಂದು ಕೇಳಿದರೆ, ಅದು ಆ ಚಿತ್ರದ ಕಥೆಯಿಂದ ಹುಟ್ಟಿದ್ದಲ್ಲ. ಅದೇ ಹೆಸರಿನ 1972ರ ಚಿತ್ರದಿಂದ ಮೊದಲುಗೊಂಡು ಮೂರೂವರೆ ದಶಕಗಳಿಗೂ ಮಿಕ್ಕಿ ಆ ನಟ ಗಳಿಸಿದ್ದ ಪ್ರೀತಿಯನ್ನು ಚಿತ್ರ ಎರವಲು ತಂದಿತ್ತು. ಪುಟ್ಟಣ್ಣ ಕಣಗಾಲರ ಆ ಹಳೆಯ ‘ನಾಗರಹಾವು’ ಚಿತ್ರದಲ್ಲಿ ತಂತ್ರವೇ ಇರಲಿಲ್ಲವೆಂದಲ್ಲ. ನಾಯಕ ರಾಮಾಚಾರಿ ಮತ್ತು ಅವನ ಪ್ರೇಯಸಿ ಅಲಮೇಲು ಕಾಣಿಸಿಕೊಳ್ಳುವ ಹಾಡೊಂದನ್ನು ಅವರು ನಿಧಾನಗತಿಯಲ್ಲಿ, ಎಂದರೆ ಕ್ಯಾಮೆರಾವನ್ನು ಸಾಮಾನ್ಯಕ್ಕಿಂತ ವೇಗವಾಗಿ ಓಡಿಸಿ ಚಲನೆ ತೇಲುವಂತೆ ತೋರುವ ವಿಧಾನದಲ್ಲಿ ಚಿತ್ರಿಸಿದ್ದರು. ಚಿತ್ರದ ಉಳಿದ ಭಾಗದಲ್ಲೆಲ್ಲ ದುಡುಕುವ, ಸಿಡಿಯುವ ಹುಡುಗ ಪ್ರೇಮದಲ್ಲಿ ಮಾತ್ರ ಹೀಗೆ ನಿಧಾನಿಸುತ್ತಾನೆ. ತ.ರಾ.ಸು. ಅವರ ಕಾದಂಬರಿಯಿಂದ ಬಂದ ಆ ಪಾತ್ರದ ಸ್ವಭಾವವೇ ತಂತ್ರವನ್ನು ಕೇಳಿ ಪಡೆದಂತಿದೆ, ಆನಂದವರ್ಧನನ ಅರ್ಥದಲ್ಲಿ ಅದು ಬೇರೆ ಪ್ರಯತ್ನವೆಂದು ಅನಿಸುವುದೇ ಇಲ್ಲ.

ಕಥೆಯ ಸಡಿಲತನಕ್ಕೆ ಬೆಲೆ ತೆರುವವರು ಪ್ರೇಕ್ಷಕರು ಮಾತ್ರವಲ್ಲ. ದೃಶ್ಯಪರಿಣಾಮದ ಕೆಲಸವನ್ನು ಬಹುಮಟ್ಟಿಗೆ ಮೊದಲೇ ಒಪ್ಪಿದ ಒಟ್ಟು ಮೊತ್ತಕ್ಕೆ ಗುತ್ತಿಗೆ ಕೊಡಲಾಗುತ್ತದೆ. ಸನ್ನಿವೇಶದ ಉದ್ದೇಶವೇ ನಿಶ್ಚಯವಾಗದಿದ್ದರೆ ಮಾಡಿದ ದೃಶ್ಯವನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ, ಆ ಹೆಚ್ಚುವರಿ ದುಡಿಮೆಯ ಹೊರೆ ಸ್ಟುಡಿಯೋಗಳ ಮೇಲೆ, ಅಂತಿಮವಾಗಿ ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕೂರುವ ಕಲಾವಿದರ ಮೇಲೆ ಬೀಳುತ್ತದೆ. ಈ ಉದ್ಯಮದ ಆರ್ಥಿಕತೆ ಎಷ್ಟು ನಾಜೂಕಾದದ್ದೆಂದರೆ, ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ, ಮುಂಬಯಿ ಮತ್ತು ಹೈದರಾಬಾದುಗಳಲ್ಲಿಯೂ ಶಾಖೆಗಳಿದ್ದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು, ಅದೇ ತಿಂಗಳು ಆ ಹುಲಿಗೆ ಆಸ್ಕರ್ ಬಂತು. ಕಥೆ ಗಟ್ಟಿಯಾಗಿದ್ದ ಚಿತ್ರದ ಕೆಲಸಗಾರರಿಗೇ ಈ ಗತಿಯಾದರೆ, ಚಿತ್ರೀಕರಣ ಮುಗಿದ ಮೇಲೆ ಗ್ರಾಫಿಕ್ಸ್‌ನಲ್ಲಿ ಸರಿಮಾಡಿಕೊಳ್ಳೋಣ ಎಂಬ ಭರವಸೆಯಲ್ಲಿ ಹೊರಡುವ ಚಿತ್ರಗಳಲ್ಲಿ ದುಡಿಯುವವರ ಪಾಡು ಹೇಗಿದ್ದೀತೆಂಬುದನ್ನು ಚಿತ್ರೋದ್ಯಮ ಗಂಭೀರವಾಗಿ ಯೋಚಿಸಬೇಕಾಗಿದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ‘ಜುರಾಸಿಕ್ ಪಾರ್ಕ್’ ಚಿತ್ರದ ಮುಖ್ಯ ದಾಳಿಯ ದೃಶ್ಯವನ್ನು ಚಿತ್ರೀಕರಿಸುವ ಮೊದಲೇ ಫಿಲ್ ಟಿಪೆಟ್ ತಂಡ ಸಣ್ಣ ಬೊಂಬೆಗಳಿಂದ ಅದರ ಕರಡನ್ನು ತಯಾರಿಸಿತ್ತು. ಯಾವ ಚೌಕಟ್ಟಿನಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಭಯ ಯಾವಾಗ ಏರುತ್ತದೆ ಎಂಬುದನ್ನು ಹೀಗೆ ಮೊದಲೇ ಕಂಡುಕೊಳ್ಳುವ ಕ್ರಮಕ್ಕೆ ಪೂರ್ವದೃಶ್ಯೀಕರಣ ಎನ್ನುತ್ತಾರೆ. ಬಹುಭಾಷೆಗಳ ಮಾರುಕಟ್ಟೆಯನ್ನು ನೋಡಿ ಬಂಡವಾಳ ಹಿಗ್ಗಿಸುತ್ತಿರುವ ಕನ್ನಡ ಚಿತ್ರರಂಗವೂ ಇದನ್ನು ಮಾಡಬಲ್ಲದು. ಚಿತ್ರಕಥೆಗಾರ, ಸ್ಟೋರಿಬೋರ್ಡ್ ಬಿಡಿಸುವ ಚಿತ್ರಕಾರ, ದೃಶ್ಯಪರಿಣಾಮದ ಮೇಲ್ವಿಚಾರಕ ಈ ಮೂವರು ಚಿತ್ರೀಕರಣಕ್ಕೆ ಕೆಲವು ತಿಂಗಳ ಮೊದಲು ಒಂದೇ ಮೇಜಿನ ಸುತ್ತ ಕುಳಿತು, ಪ್ರತಿಯೊಂದು ಮಾಯೆಯ ಎದುರಿಗೂ ಇದು ಇಲ್ಲದಿದ್ದರೆ ಕಥೆಯಲ್ಲಿ ಯಾವುದು ನಿಂತುಹೋಗುತ್ತದೆ ಎಂದು ಬರೆದುಕೊಂಡರೆ, ಉತ್ತರ ಸಿಗದ ದೃಶ್ಯಗಳಿಗೆ ಮೀಸಲಿಟ್ಟ ಹಣವನ್ನು ಅಲ್ಲಿಯೇ ಬರವಣಿಗೆಗೆ ವರ್ಗಾಯಿಸಬಹುದು.