ನೆನಪಿನ ಗೇಣಿ

(ಬರ್ಲಿನ್‌ನಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಸಾಹಿತ್ಯದ ಸಭೆಯಲ್ಲಿ ಸರ್ವರಿನ ಮಾತೇಕೆ ಎಂದು ನಿಮಗನ್ನಿಸಬಹುದು. ನಾನು ಹೇಳಹೊರಟಿರುವುದು ಯಂತ್ರವೊಂದರ ಕಥೆ, ನಿಜ. ಆದರೆ ಅದು ಶುರುವಾಗುವುದು ಕಾಗೋಡಿನ ಗೇಣಿದಾರರಿಂದ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರೆದುರು ಎದ್ದುನಿಂತದ್ದು ನಿಮಗೆ ತಿಳಿದದ್ದೇ. ಗೇಣಿಭತ್ತ ಅಳೆಯುವ ಕೊಳಗ ರೂಢಿಯ ಮೂರು ಸೇರಿಗಿಂತ ದೊಡ್ಡದೆಂಬುದು ಅವರ ಮುಖ್ಯ ದೂರುಗಳಲ್ಲೊಂದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿದ್ದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಂದ 1974ರ ಭೂಸುಧಾರಣಾ ತಿದ್ದುಪಡಿಯವರೆಗಿನ ಹಾದಿಯನ್ನು ಕುರಿತು ಹನ್ನೆರಡು ವರ್ಷಗಳಿಂದ ಟಿಪ್ಪಣಿ ಮಾಡುತ್ತ ಬಂದಿದ್ದೇನೆ. ಊರಿಗೆ ಹೋದಾಗಲೆಲ್ಲ ಗೇಣಿದಾರರ ಮಕ್ಕಳು ಮೊಮ್ಮಕ್ಕಳ ಮಾತನ್ನು ಬರೆದುಕೊಂಡೆ. ಯಾರು ಡಿಕ್ಲರೇಷನ್ ಹಾಕಿದರು, ಯಾರು ಒಡೆಯರಿಗೆ ಅಂಜಿ ಹಾಕದೆ ಉಳಿದರು, ಭೂ ನ್ಯಾಯಮಂಡಳಿಯ ಮುಂದೆ ಯಾರು ಯಾರ ಪರವಾಗಿ ಸಾಕ್ಷಿ ನುಡಿದರು ಎಂಬ ವಿವರಗಳವು.

ಇಂಥ ವಿವರಗಳನ್ನು ಒಂದಕ್ಕೊಂದು ಕೊಂಡಿ ಹಾಕಿಡಲು ವಿಕಿ ಒಗ್ಗುತ್ತದೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದಾಗ, ಹವಾಯಿ ಭಾಷೆಯಲ್ಲಿ ‘ಬೇಗ’ ಎಂಬರ್ಥದ ಪದವನ್ನು ಅದಕ್ಕೆ ಹೆಸರಾಗಿಟ್ಟರು. ನನ್ನ ವಿಕಿಯೂ ಬೇಗ ಬೆಳೆಯಿತು. ಆದರೆ ಅದಿದ್ದದ್ದು ತಿಂಗಳ ಬಾಡಿಗೆ ಕಟ್ಟಿ ಪಡೆದ ಜಾಗದಲ್ಲಿ.

ಮೂರು ವರ್ಷಗಳ ಹಿಂದೆ ಅಮ್ಮನ ಕಾಯಿಲೆಗೆಂದು ಊರಲ್ಲಿದ್ದಾಗ ನನ್ನ ಬ್ಯಾಂಕ್ ಕಾರ್ಡಿನ ಅವಧಿ ಮುಗಿಯಿತು. ಬಾಡಿಗೆ ಸಂದಾಯವಾಗಲಿಲ್ಲ, ವಿಕಿ ನಿಂತಿತು. ಬಾಕಿ ಕಟ್ಟಿದ ಮೇಲೆ ಪುಟಗಳು ಮರಳಿದವು, ಕೊನೆಯ ಆರು ವಾರಗಳ ಬರಹ ಮರಳಲಿಲ್ಲ. ಅದರಲ್ಲಿ ಒಬ್ಬ ಅಜ್ಜಿಯ ಮಾತಿತ್ತು. ನಾನು ಮತ್ತೆ ಅವರ ಊರಿಗೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಬೇರೊಂದು ಪ್ರತಿ ಇಟ್ಟುಕೊಳ್ಳದ ತಪ್ಪು ನನ್ನದೇ. ಆದರೂ ಒಂದು ಸತ್ಯ ಅಂದು ಕಣ್ಣಿಗೆ ಹೊಡೆಯಿತು. ಗೇಣಿಯ ಚರಿತ್ರೆಯನ್ನು ಬರೆಯುತ್ತಿದ್ದ ನಾನೇ ಗೇಣಿದಾರನಾಗಿದ್ದೆ. ಕೊಳಗ ಬೇರೆಯವರ ಕೈಯಲ್ಲಿತ್ತು.

ಆಗ ವಿಕಿಯನ್ನು ಮನೆಗೆ ತರಲು ನಿಶ್ಚಯಿಸಿದೆ. ಹಿಂದೆ ಬಳಸುತ್ತಿದ್ದ ಮೀಡಿಯಾವಿಕಿ ವಿಕಿಪೀಡಿಯಕ್ಕಾಗಿ ಕಟ್ಟಿದ್ದು. ಅದಕ್ಕೆ ದತ್ತಸಂಚಯ ಬೇಕು, ಸತತ ಆರೈಕೆ ಬೇಕು. ಒಬ್ಬನ ಟಿಪ್ಪಣಿಗೆ ಅದು ಭಾರ. ಆಂಡ್ರಿಯಾಸ್ ಗೋರ್ 2004ರಲ್ಲಿ ಆರಂಭಿಸಿದ ಡೊಕುವಿಕಿಗೆ ದತ್ತಸಂಚಯ ಬೇಡ. ಪ್ರತಿ ಪುಟವೂ ಒಂದು ಸಾದಾ ಪಠ್ಯ ಕಡತ. ನಾಳೆ ಡೊಕುವಿಕಿಯೇ ಇಲ್ಲವಾದರೂ ಆ ಕಡತಗಳನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ಪುಸ್ತಕದ ಕಪಾಟಿನ ಮೇಲೆ, ಅಂಗೈಯಗಲದ ರಾಸ್ಪ್‌ಬೆರಿ ಪೈ ಮೇಲೆ ಅದೀಗ ನಡೆಯುತ್ತಿದೆ. ಸಣ್ಣ ದೀಪವೊಂದಕ್ಕೆ ಬೇಕಾಗುವಷ್ಟು ವಿದ್ಯುತ್ತು ಅದಕ್ಕೆ ಸಾಕು.

ಸಾಗಾಟ ಮಾತ್ರ ಸಲೀಸಾಗಿರಲಿಲ್ಲ. ಪ್ಯಾಂಡಾಕ್ ಎಂಬ ತಂತ್ರಾಂಶ ಹಳೆಯ ಪುಟಗಳ ಗುರುತುಗಳನ್ನು ಹೊಸ ಬಗೆಗೆ ತಿರುಗಿಸಿತು. ಹಳೆಯ ನುಡಿ ಕಡತಗಳಿಂದ ಯೂನಿಕೋಡಿಗೆ ತಂದಿದ್ದ ಭಾಗಗಳಲ್ಲಿ ಅರ್ಕಾವತ್ತುಗಳು ಸ್ಥಾನ ತಪ್ಪಿದ್ದವು. ಅವನ್ನು ಕೈಯಾರೆ ತಿದ್ದಬೇಕಾಯಿತು. ಇನ್ನೊಂದು ತೊಡಕು ಕನ್ನಡದವರಿಗೇ ಎದುರಾಗುವಂಥದ್ದು. ಡೊಕುವಿಕಿ ಮೊದಲಿಗೆ ಕಡತದ ಹೆಸರನ್ನು ಶೇಕಡಾ ಚಿಹ್ನೆಗಳ ಸಂಕೇತವಾಗಿ ಬರೆಯುತ್ತದೆ. ಆಗ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಒಂಬತ್ತು ಸ್ಥಾನ ತಿನ್ನುತ್ತದೆ. ಲಿನಕ್ಸಿನಲ್ಲಿ ಕಡತದ ಹೆಸರಿಗಿರುವ ಮಿತಿ 255 ಬೈಟ್. ಕಾಗುಣಿತ, ಒತ್ತಕ್ಷರ ಸೇರಿ 27 ಚಿಹ್ನೆ ದಾಟಿದರೆ ಪುಟ ಉಳಿಯುವುದಿಲ್ಲ! ಇಂಗ್ಲಿಷ್ ಹೆಸರಿಗೆ ಈ ಸಂಕಟವೇ ಇಲ್ಲ. ಯುಟಿಎಫ್-8 ಆಯ್ಕೆಗೆ ಬದಲಿಸಿದೆ; ಚಿಹ್ನೆಗೆ ಮೂರು ಬೈಟ್ ಸಾಕಾಯಿತು. ಇಲ್ಲಿಯೂ ಪ್ರಶ್ನೆ ಅಳತೆಯದೇ: ಕೊಳಗವನ್ನು ಮಾಡಿದವರು ಯಾರ ಬೆಳೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು?

ಮನೆಗೆ ತಂದ ಮಾತ್ರಕ್ಕೆ ಸ್ವರಾಜ್ಯ ಬಂತೆಂದು ನಾನು ಹೇಳಲಾರೆ. ಮನೆಗೆ ಬೆಂಕಿ ಬೀಳಬಹುದು, ಕಳ್ಳ ಬರಬಹುದು, ಮೆಮೊರಿ ಕಾರ್ಡ್ ಸವೆಯಬಹುದು. ಆದ್ದರಿಂದ ಮೂರು ಪ್ರತಿಗಳಿವೆ. ಒಂದು ಬೀಗಮುದ್ರೆಯ ಗೂಢಲಿಪಿಯಲ್ಲಿ ಇನ್ನೊಂದು ಊರಿನ ಗೆಳತಿಯ ಮನೆಯಲ್ಲಿದೆ. ವಿಕಿಯನ್ನು ಅಂತರಜಾಲಕ್ಕೆ ತೆರೆದಿಟ್ಟಿಲ್ಲ. ಬದುಕಿರುವವರ ಹೆಸರು, ಜಾತಿ, ಮನೆಯ ವ್ಯಾಜ್ಯ ಅದರೊಳಗಿವೆ. ನಾವೀಗ ಬಾಳುತ್ತಿರುವ ಈ ದೇಶದ ಸಂವಿಧಾನ ನ್ಯಾಯಾಲಯ, ಜನಗಣತಿಯ ಪ್ರಕರಣದಲ್ಲಿ 1983ರಲ್ಲೇ, ತನ್ನ ಮಾಹಿತಿ ಯಾರ ಕೈಗೆ ಹೋಗಬೇಕೆಂದು ನಿರ್ಧರಿಸುವ ಹಕ್ಕು ವ್ಯಕ್ತಿಯದೆಂದು ಎತ್ತಿಹಿಡಿಯಿತು. ಆ ಹಕ್ಕು ನನಗಿರುವಂತೆ ನನಗೆ ಮಾತು ಕೊಟ್ಟವರಿಗೂ ಇದೆಯಲ್ಲವೇ? ಉಳುವವನೇ ಹೊಲದೊಡೆಯ ಎಂದು ಬರೆದು, ಅವರ ನೆನಪಿಗೆ ನಾನು ಒಡೆಯನಾಗಿ ಕೂರುವುದು ತರವಲ್ಲ.

ಅದಕ್ಕಾಗಿ ಕಳೆದ ಚಳಿಗಾಲದಲ್ಲಿ ಆಯಾ ಮನೆಯವರ ಪುಟಗಳನ್ನು ಮುದ್ರಿಸಿ ಒಯ್ದು ಅವರವರ ಕೈಗೇ ಕೊಟ್ಟುಬಂದೆ. ಒಂದು ಮನೆಯಲ್ಲಿ ಒಂದು ಭಾಗವನ್ನು ತೆಗೆಯಲು ಹೇಳಿದರು. ತೆಗೆದೆ, ಹಳೆಯ ಆವೃತ್ತಿಗಳಿಂದಲೂ, ಉಳಿದ ಪ್ರತಿಗಳಿಂದಲೂ. ಮತ್ತೊಂದು ಮನೆಯ ಮೊಮ್ಮಗ ಜಗಲಿಯ ಮೇಲೆ ಕೂತು ಎಲ್ಲವನ್ನೂ ಓದಿ, ‘ಗದ್ದೆಯ ಹೆಸರು ತಪ್ಪಾಗಿದೆ ಸರ್, ಪೆನ್ನು ಕೊಡಿ’ ಎಂದ. ಅವನು ತಿದ್ದಿದ ಹಾಳೆಯೊಂದಿಗೆ ಮರಳಿದೆ. ಬರ್ಲಿನ್ ತಲುಪಿದ ರಾತ್ರಿ ಮೊದಲು ಮಾಡಿದ ಕೆಲಸ, ಆ ಹೆಸರನ್ನು ಸರಿಪಡಿಸಿದ್ದು.